ಐದನೇ ತಾರೀಖು

ಮೀಟಿಂಗ್‌ನಲ್ಲಿ ನನಗೆ ‘ತಿಂಗಳ ಸ್ಟಾರ್’ ಅಂತ 500 ರೂಪಾಯಿಯ ವೋಚರ್ ಕೊಟ್ಟು ಚಪ್ಪಾಳೆ ತಟ್ಟಿದ ದಿನವೇ ಬೊಮ್ಮನಹಳ್ಳಿಯಿಂದ ಮೊದಲ ಫೋನ್ ಬಂತು. “ಸಾರ್, ನೀವು 250 ಅಂದ್ರಿ. ಬ್ಯಾಂಕ್‌ನೋರು 590 ಮುರ್ಕೊಂಡವ್ರೆ.”

2025ರ ಫೆಬ್ರವರಿಯಲ್ಲಿ ತಿಂಗಳಿಗೆ 250 ರೂಪಾಯಿ ಮ್ಯೂಚುವಲ್ ಫಂಡಿಗೆ ಕಟ್ಟುವ ಎಸ್‌ಐಪಿ ಬಂದಮೇಲೆ ನಮ್ಮ ಹೂಡಿಕೆ ಆ್ಯಪ್ ಕಂಪನಿಯ ವಿಪಿಗೆ (ವೈಸ್ ಪ್ರೆಸಿಡೆಂಟ್) ಬಡವರ ಮೇಲೆ ಎಲ್ಲಿಲ್ಲದ ಅಕ್ಕರೆ ಹುಟ್ಟಿತ್ತು. ಎಚ್‌ಎಸ್‌ಆರ್ ಲೇಔಟ್‌ನ ಎಸಿ ರೂಮಲ್ಲಿ ಕೂತು ‘ಭಾರತ್ ಫನಲ್’ ಅಂತ ಬೋರ್ಡ್ ತುಂಬಾ ಗೀಚಿದರು. ಹೊಸೂರು ರಸ್ತೆಯ ಗಾರ್ಮೆಂಟ್ಸ್ ನನ್ನ ಪಾಲಿಗೆ ಬಂತು.

ಊಟದ ಅರ್ಧ ಗಂಟೆಯಲ್ಲಿ ನಮಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಪ್ರೊಜೆಕ್ಟರ್ ಆನ್ ಆಗಲಿಲ್ಲ. ಲ್ಯಾಪ್‌ಟಾಪ್ ಎತ್ತಿ ಹಿಡಿದೇ ಶುರು ಮಾಡಿದೆ: ತಿಂಗಳಿಗೆ 250, ಇಪ್ಪತ್ತು ವರ್ಷ, ಹಾಕೋದು 60 ಸಾವಿರ, ಶೇಕಡ 12 ಬಂದರೆ ಸುಮಾರು ಎರಡೂವರೆ ಲಕ್ಷ. ಮುಂದಿನ ಸ್ಲೈಡ್ ‘ದಿನಕ್ಕೊಂದು ಟೀ ಬಿಡಿ’. ಮುಂದೆ ಕೂತಿದ್ದ ಟೈಲರ್ ಅಕ್ಕ ಡಬ್ಬಿ ಮುಚ್ಚುತ್ತಾ, “ಟಾರ್ಗೆಟ್ ಮುಗಿಯೋ ತನಕ ನೀರು ಕುಡಿಯಕ್ಕೇ ಎದ್ದೇಳಂಗಿಲ್ಲ, ಟೀ ಎಲ್ಲಿಂದ ಬಿಡೋಣ ಸಾರ್?” ಅಂದರು. ಇಡೀ ಸಾಲು ನಕ್ಕಿತು. ನಾನೂ ನಕ್ಕೆ, ಬೇರೆ ದಾರಿ ಇರಲಿಲ್ಲ.

ಆಮೇಲೆ ಅವರದೇ ಪ್ರಶ್ನೆ: “ಬೇಕಾದಾಗ ತೆಗೆಯಕ್ಕೆ ಬಿಡ್ತೀರಾ, ಇಲ್ಲ ಪಿಎಫ್ ಥರ ಮಾಡ್ತೀರಾ?” 2016ರ ಏಪ್ರಿಲ್ ನೆನಪಾಯಿತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದ ತನಕ ಮುಟ್ಟುವಂತಿಲ್ಲ ಅಂತ ನಿಯಮ ಬಂದಾಗ ಇದೇ ಹೆಂಗಸರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದಿದ್ದರು. ಎರಡನೇ ದಿನ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆ ದಿನ ನಾನು ಬಸ್ಸಲ್ಲಿ ಸಿಕ್ಕಿಹಾಕಿಕೊಂಡು ಟ್ರಾಫಿಕ್ಕಿಗೆ ಬೈಯುತ್ತಿದ್ದೆ, ಅಷ್ಟೇ. “ಯಾವಾಗ ಬೇಕಾದ್ರೂ ತೆಗೀಬಹುದಕ್ಕ” ಅಂದೆ. ಅದು ಸುಳ್ಳಲ್ಲ.

ಬೆಲ್ ಹೊಡೆಯಲು ಆರು ನಿಮಿಷ. 41 ಜನ ಲೈನ್ ನಿಂತಿದ್ದಾರೆ, ಎಚ್‌ಆರ್ ಗಡಿಯಾರ ನೋಡುತ್ತಿದ್ದಾರೆ. ಅಕ್ಕನ ಸರದಿ ಬಂತು. ಸ್ಕ್ರೀನಲ್ಲಿ ಕಂತು ಮುರಿಯೋ ದಿನ ನೋಡಿ, “ಐದನೇ ತಾರೀಖಾ? ನಮಗೆ ಸಂಬಳ ಆಗೋದು ಏಳಕ್ಕೆ” ಅಂದರು. ನನಗೆ ಚೆನ್ನಾಗಿ ಕೇಳಿಸಿತು. ಆದರೆ ತಾರೀಖು ಬದಲಿಸಿದರೆ ನಮ್ಮ ಆ್ಯಪ್ ಮತ್ತೆ ಮೊದಲ ಪೇಜಿಗೆ ಹೋಗುತ್ತೆ, ಮತ್ತೆ ಓಟಿಪಿ, ಒಬ್ಬೊಬ್ಬರಿಗೂ ಎರಡು ನಿಮಿಷ. ಒಂದು ಕ್ಷಣ ಬೆರಳು ಅಲ್ಲೇ ನಿಂತಿತು. ಕೊನೆಗೆ ನಾನು ಹೇಳಿದ್ದು: “ಅಕೌಂಟಲ್ಲಿ ಸ್ವಲ್ಪ ಉಳಿಸ್ಕೊಂಡಿರಿ ಅಕ್ಕ.” ಅವರು ನನ್ನ ಮುಖ ನೋಡಿದರು, ಏನೂ ಅನ್ನಲಿಲ್ಲ. ತಿಂಗಳ ಐದನೇ ತಾರೀಖು ಯಾರ ಅಕೌಂಟಲ್ಲಿ ಏನು ಉಳಿದಿರುತ್ತೆ?

ಸಂಬಳ ಏಳರೊಳಗೆ, ದೊಡ್ಡ ಫ್ಯಾಕ್ಟರಿಯಾದರೆ ಹತ್ತರೊಳಗೆ ಅನ್ನೋದು 1936ರ ಕಾಯ್ದೆಯಲ್ಲೇ ಇತ್ತು. ಅದು ಗೊತ್ತಿಲ್ಲದಿದ್ದರೂ ಪರವಾಗಿಲ್ಲ, ಅಕ್ಕ ಬಾಯಿಬಿಟ್ಟೇ ಹೇಳಿದ್ದರು. ಅಕೌಂಟಲ್ಲಿ ದುಡ್ಡಿಲ್ಲದೆ ಕಂತು ಬೌನ್ಸ್ ಆಗಿದ್ದು 29 ಜನರದು. ಬ್ಯಾಂಕಿನ ದಂಡ ತಲಾ 500, ಮೇಲೆ ಜಿಎಸ್‌ಟಿ 90. ಅಂದರೆ ಸಂಬಳಕ್ಕೆ ಎರಡು ದಿನ ಮುಂಚೆ ಕೈ ಖಾಲಿ ಇದ್ದಿದ್ದಕ್ಕೆ ಎರಡು ಕಂತಿಗಿಂತ ಜಾಸ್ತಿ ದಂಡ. ಕೈಯಲ್ಲಿ ದುಡ್ಡಿಲ್ಲದಿರೋದೇ ದುಬಾರಿ ಬಾಬ್ತು. ನನ್ನ ಅಕೌಂಟಲ್ಲಿ ಸದಾ ನಾಲ್ಕು ಕಾಸು ಇರೋದರಿಂದ ಅಂಥ ಚಾರ್ಜ್ ಒಂದಿದೆ ಅಂತಲೇ ಮರೆತಿದ್ದೆ. ಒಬ್ಬರ ದಂಡಕ್ಕೂ ನನ್ನ ವೋಚರ್ ಸಾಲದು.

ಡ್ಯಾಶ್‌ಬೋರ್ಡ್ ಮಾತ್ರ ಹಸಿರೋ ಹಸಿರು. ಅದು ಎಣಿಸೋದು ಮ್ಯಾಂಡೇಟ್ ರಿಜಿಸ್ಟ್ರೇಷನ್, ಅಂದರೆ ಕಂತು ಮುರಿಯಲು ಎಷ್ಟು ಜನ ಒಪ್ಪಿಗೆ ಕೊಟ್ಟರು ಅನ್ನೋದು; ನಿಜಕ್ಕೂ ಆದ ಡೆಬಿಟ್ ಅಲ್ಲ. ಬೌನ್ಸ್ ಕಾಲಂ ಸೇರಿಸೋಣ ಅಂದೆ. ವಿಪಿ, “ನೆಗೆಟಿವಿಟಿ ಬೇಡ, ಆರ್‌ಸಿಎ ಕಳಿಸು” ಅಂದರು. ಅಂದರೆ ತಪ್ಪು ಯಾಕಾಯಿತು ಅನ್ನೋ ವರದಿ. ಅದರಲ್ಲಿ ಮೂಲ ಕಾರಣ ಅನ್ನೋ ಜಾಗದಲ್ಲಿ ‘ನಾನು’ ಅಂತ ಬರೆದೆ. ಮ್ಯಾನೇಜರ್ ಅದನ್ನು ‘ಗ್ರಾಹಕರಲ್ಲಿ ಅರಿವಿನ ಕೊರತೆ’ ಅಂತ ತಿದ್ದಿ ಮುಂದೆ ಕಳಿಸಿದರು.

ಪತ್ರ ಬರೆದು, ಬ್ರ್ಯಾಂಚಿಗೆ ಅಲೆದು, ಒಂಬತ್ತು ಜನರ ದಂಡ ವಾಪಸ್ ಬಂತು. ಅಕ್ಕನದು ಬರಲಿಲ್ಲ. ಅವರು ಎಸ್‌ಐಪಿ ನಿಲ್ಲಿಸಿ ಮತ್ತೆ ಹೊಲಿಗೆ ಲೈನಿನವರ ಚೀಟಿಗೇ ಕಟ್ಟುತ್ತಿದ್ದಾರಂತೆ.

ಆ್ಯಪ್ ತಾನಾಗೇ ತೋರಿಸೋ ಐದನೇ ತಾರೀಖು ಬದಲಿಸಿ ಅಂತ ಟೆಕ್‌ಗೆ ಹಾಕಿದ ಟಿಕೆಟ್ ‘ಪ್ರಯಾರಿಟಿ: ಲೋ’ ಅಂತ ಇನ್ನೂ ಹಾಗೇ ಇದೆ. ಫ್ಯಾಕ್ಟರಿಗೆ ಹೋಗುವ ಹೊಸ ಹುಡುಗರಿಗೆ ನಾನೇ ಬೆಳಗ್ಗೆ ವಾಟ್ಸಾಪ್ ಮಾಡುತ್ತೇನೆ: ಎರಡು ನಿಮಿಷ ಹೋದರೆ ಹೋಗಲಿ, ಡ್ರಾಪ್‌ಡೌನ್ ಇಳಿಸಿ 12 ಒತ್ತಿ.