ಮಂಡಕ್ಕಿ ಭಟ್ಟಿಯ ಸಾಲಿನಲ್ಲಿ ಒಂದು ಬೆಳಗಿನ ಜಾವ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಒಲೆ ಹೊತ್ತುವುದು ಊರು ಏಳುವ ಮೊದಲು. ಅಲ್ಲಿ ಸುರಕ್ಷತೆಯ ಮಾತಾಡಬೇಕೆಂದರೆ ಹೋಗಬೇಕಾದ್ದೂ ಆ ಹೊತ್ತಿಗೇ. ಬಿಸಿಲೇರಿದ ಮೇಲೆ ಹೋದರೆ ದಣಿದು ಮನೆಗೆ ಹೊರಟವರು ಸಿಗುತ್ತಾರೆ, ಕೆಲಸ ಹೇಗೆ ನಡೆಯುತ್ತದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಮಾರ್ಚ್ 4ರಿಂದ 10ರವರೆಗೆ ದೇಶದಲ್ಲೆಲ್ಲ ಸುರಕ್ಷತಾ ಸಪ್ತಾಹ. ರಾಷ್ಟ್ರೀಯ ಸುರಕ್ಷತಾ ಮಂಡಳಿ ಹುಟ್ಟಿದ್ದು 1966ರ ಮಾರ್ಚ್ 4ರಂದು, ಅದರ ನೆನಪಿಗೆ. ದೊಡ್ಡ ಕಾರ್ಖಾನೆಗಳಲ್ಲಿ ಬಾವುಟ, ಬ್ಯಾಡ್ಜು, ಪ್ರತಿಜ್ಞೆ ಎಲ್ಲ ಇರುತ್ತವೆ. ನಾಲ್ಕೈದು ಮಂದಿ ದುಡಿಯುವ ಶೆಡ್ಡಿನ ತನಕ ಆ ಸಪ್ತಾಹ ನಡೆದು ಬರುವುದಿಲ್ಲ, ಯಾರಾದರೂ ತರಬೇಕು. ಈ ಸಲ ಅದು ರಂಜಾನ್ ತಿಂಗಳಲ್ಲೇ ಬಿದ್ದಿತ್ತು.

ಮಂಡಕ್ಕಿ ಆಗುವ ದಾರಿ ಗೊತ್ತಿದ್ದರೆ ಅಪಾಯ ಎಲ್ಲೆಲ್ಲಿದೆ ಎಂಬುದೂ ಗೊತ್ತಾಗುತ್ತದೆ. ಭತ್ತವನ್ನು ನೆನೆಹಾಕಿ, ಬಿಸಿ ಮಾಡಿ, ಒಣಗಿಸಿ, ಮಿಲ್ಲಿಗೆ ಹಾಕಿ ಅಕ್ಕಿ ಮಾಡುತ್ತಾರೆ. ಆ ಅಕ್ಕಿಗೆ ಉಪ್ಪುನೀರು ಬೆರೆಸಿ, ಕಾದ ಮರಳಿನಲ್ಲಿ ಹುರಿದರೆ ಕೆಲವೇ ಸೆಕೆಂಡಿನಲ್ಲಿ ಅರಳುತ್ತದೆ. ಮರಳು ಆಗ ಇನ್ನೂರು ಡಿಗ್ರಿ ದಾಟಿರುತ್ತದೆ. ಅರಳಿದ್ದನ್ನು ಜರಡಿಯಲ್ಲಿ ಮರಳಿನಿಂದ ಬೇರ್ಪಡಿಸಿ ಚೀಲ ತುಂಬಬೇಕು. ಒಲೆ, ಮರಳು, ಜರಡಿ ಮೂರೂ ತೋಳಳತೆಯಲ್ಲೇ ಇರುತ್ತವೆ. ಹುರಿಯುವವರು ಗಂಟೆಗಟ್ಟಲೆ ಆ ಕಾವಿನೆದುರು ಕದಲದೆ ಇರಬೇಕು.

ಕಾವಿಗೆ ಎಲ್ಲರೂ ಹೇಳುವ ಪಾಠ ನೀರಿನದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 200ರಿಂದ 250 ಮಿಲಿಲೀಟರ್. ಬಾಯಾರುವ ತನಕ ಕಾಯಬಾರದು. ಈ ಮಾತು ಹೇಳಿ ಮುಗಿಯುವ ಮೊದಲೇ ಜರಡಿ ಹಿಡಿದಿದ್ದ ಒಬ್ಬ ಹಿರಿಯ ಹೆಂಗಸು ಕೇಳಿದರು: "ನೀರು ಕುಡದ್ರೆ ಆಮೇಲೆ ಎಲ್ಲಿಗೆ ಹೋಗ್ಬೇಕ್ರೀ? ಇಲ್ಲಿ ಪಾಯಖಾನಿ ಎಲ್ಲೈತಿ?"

ಇಡೀ ಬೆಳಗಿನಲ್ಲಿ ಬಂದ ಅತಿ ಮುಖ್ಯವಾದ ಮಾತು ಅದು. ಶೌಚಾಲಯ ಇಲ್ಲದ ಕಡೆ ಹೆಂಗಸರು ಬೇಕೆಂದೇ ನೀರು ಕುಡಿಯುವುದನ್ನು ಬಿಡುತ್ತಾರೆ. ಕೆಲಸಕ್ಕೆ ಹೊರಡುವ ಮೊದಲೂ ಕುಡಿಯುವುದಿಲ್ಲ, ಕೆಲಸದ ನಡುವೆಯೂ ಕುಡಿಯುವುದಿಲ್ಲ. ಮೂತ್ರದ ಸೋಂಕು, ಉರಿ, ತಲೆನೋವು, ಕಾಲಿನ ಮಾಂಸಖಂಡ ಹಿಡಿದುಕೊಳ್ಳುವುದು, ಬರಬರುತ್ತಾ ಮೂತ್ರಪಿಂಡಕ್ಕೆ ಪೆಟ್ಟು, ಇವೆಲ್ಲಕ್ಕೂ ಅಲ್ಲಿಂದಲೇ ದಾರಿ. ಅವರಿಗೆ ತಿಳಿವಳಿಕೆಯ ಕೊರತೆ ಇಲ್ಲ, ಜಾಗದ ಕೊರತೆ ಇದೆ. ಆದ್ದರಿಂದ ನೀರಿನ ಪಾಠವನ್ನು ಭಟ್ಟಿ ಮಾಲೀಕರಿಂದ ಶುರು ಮಾಡಬೇಕು. ಒಂದೊಂದು ಭಟ್ಟಿಗೂ ಪ್ರತ್ಯೇಕ ಕಟ್ಟಿಸಲು ಆಗದಿದ್ದರೆ ಅಕ್ಕಪಕ್ಕದ ನಾಲ್ಕು ಭಟ್ಟಿಗಳು ಸೇರಿ ಒಂದು ಕಟ್ಟಿಸಬಹುದು. ಒಳಗಿನಿಂದ ಹಾಕುವ ಚಿಲಕ, ಒಂದು ಬಲ್ಬು, ನೀರಿನ ಡ್ರಮ್ಮು, ಮುಚ್ಚಳವಿರುವ ಕಸದ ಬುಟ್ಟಿ, ಇಷ್ಟು ಇರಲೇಬೇಕು. ಕತ್ತಲಲ್ಲಿ ಕೆಲಸ ಶುರುವಾಗುವ ಕಡೆ ಬಲ್ಬಿಲ್ಲದ ಶೌಚಾಲಯ ಇದ್ದೂ ಇಲ್ಲದ ಹಾಗೆ.

ರೋಜಾ ಇರುವವರಿಗೆ ಇಪ್ಪತ್ತು ನಿಮಿಷದ ಲೆಕ್ಕ ಹೇಳುವುದು ಅರ್ಥವಿಲ್ಲದ ಕೆಲಸ. ಅವರಿಗೆ ಬದಲಾಗಬೇಕಾದ್ದು ಕೆಲಸದ ಹೊತ್ತು. ಹುರಿಯುವ ಕೆಲಸವನ್ನು ಸಂಜೆಯ ಇಫ್ತಾರ್ ಮುಗಿದ ಮೇಲಿನಿಂದ ಬೆಳಗಿನ ಜಾವದ ಸಹರಿ ಊಟದ ಒಳಗೆ ಮುಗಿಸಿ, ಹಗಲಿಗೆ ಚೀಲ ತುಂಬುವುದು, ಹೊಲಿಯುವುದು, ಲೆಕ್ಕ ಇಂಥ ನೆರಳಿನ ಕೆಲಸ ಇಟ್ಟುಕೊಂಡರೆ ಕುಡಿಯುವ ಹೊತ್ತೂ ಬೆವರುವ ಹೊತ್ತೂ ಒಂದೇ ಆಗುತ್ತವೆ. ಆ ರಾತ್ರಿಯ ಗಂಟೆಗಳಲ್ಲಿ ನೀರನ್ನು ಒಮ್ಮೆಲೇ ಗಟಗಟ ಕುಡಿಯದೆ ಹಂಚಿಕೊಂಡು ಕುಡಿಯಬೇಕು. ಉಪ್ಪು ಹಾಕಿದ ನೀರುಮಜ್ಜಿಗೆ ಒಳ್ಳೆಯದು. ಇದನ್ನು ಹೇಳಿದಾಗ ಒಬ್ಬ ಮಾಲೀಕರು ಹಬ್ಬದ ತನಕ ಹೊತ್ತು ಬದಲಿಸಲು ಅಲ್ಲೇ ಒಪ್ಪಿದರು.

ಓಆರ್‌ಎಸ್ ವಿಷಯದಲ್ಲಿ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ. ಒಂದು ಲೀಟರಿನ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕಲಸುತ್ತಾರೆ. ಅಷ್ಟು ಗಟ್ಟಿಯಾದ ಉಪ್ಪು ಸಕ್ಕರೆಯಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಇಡೀ ಪೊಟ್ಟಣ, ಇಡೀ ಒಂದು ಲೀಟರ್, ಅಳೆದ ಬಾಟಲಿಯಲ್ಲಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಸಕ್ಕರೆ ಕಾಯಿಲೆ, ಬಿಪಿ ಇದ್ದವರು ವೈದ್ಯರನ್ನು ಕೇಳಿಯೇ ರೂಢಿ ಮಾಡಿಕೊಳ್ಳಬೇಕು.

ಹೊಸಬರನ್ನು ಮೊದಲ ದಿನವೇ ಪೂರ್ತಿ ಪಾಳಿಗೆ ಒಲೆ ಮುಂದೆ ನಿಲ್ಲಿಸಬಾರದು. ಮೊದಲ ದಿನ ಪಾಳಿಯ ಐದರಲ್ಲೊಂದು ಭಾಗ, ಆಮೇಲೆ ದಿನಕ್ಕೆ ಅಷ್ಟಷ್ಟೇ ಹೆಚ್ಚಿಸಿ ಐದನೇ ದಿನಕ್ಕೆ ಪೂರ್ತಿ. ಊರಿಗೆ ಹೋಗಿ ವಾರಕ್ಕಿಂತ ಹೆಚ್ಚು ದಿನ ಬಿಟ್ಟು ಬಂದ ಹಳಬರು ಅರ್ಧ ಪಾಳಿಯಿಂದ ಶುರು ಮಾಡಲಿ. ಮೈ ಕಾವಿಗೆ ಒಗ್ಗಿದ್ದು ಬಿಟ್ಟುಹೋಗಲು ಬಹಳ ದಿನ ಬೇಕಿಲ್ಲ. ಯಾರಾದರೂ ಸಂಬಂಧವಿಲ್ಲದ ಮಾತಾಡತೊಡಗಿದರೆ, ನಾಲಿಗೆ ತೊದಲಿದರೆ, ಕುಸಿದರೆ ಅದು ಬರೀ ಸುಸ್ತಲ್ಲ. ಬೆವರು ಬರುತ್ತಿದೆ ಎಂದು ಸುಮ್ಮನಾಗಬೇಡಿ, ದುಡಿಮೆಯಲ್ಲಿ ಬಡಿಯುವ ಶಾಖಾಘಾತದಲ್ಲಿ ಬೆವರು ಇರಬಹುದು. 108ಕ್ಕೆ ಕರೆ ಮಾಡಿ, ಗಾಡಿ ಬರುವ ತನಕ ನೆರಳಿಗೆ ಎಳೆದು ಮೈಮೇಲೆ ನೀರು ಸುರಿಯುತ್ತಲೇ ಇರಬೇಕು, ಗಾಳಿ ಬೀಸಬೇಕು. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ನೀರು ಹಾಕಬಾರದು.

ಇನ್ನು ಬಟ್ಟೆ. ಅಗ್ಗವೆಂದು ಉಡುವ ಪಾಲಿಯೆಸ್ಟರ್ ಸೀರೆ, ನೈಲಾನ್ ದುಪಟ್ಟಾ, ಸಿಂಥೆಟಿಕ್ ನೈಟಿ ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತವೆ. ಒಲೆ ಮುಂದೆ ಹತ್ತಿಯದ್ದೇ ಬೇಕು, ಸೆರಗು ಸೊಂಟಕ್ಕೆ ಬಿಗಿದಿರಬೇಕು. ಹತ್ತಿಗೂ ಬೆಂಕಿ ಹತ್ತುತ್ತದೆ, ಆದರೆ ಕರಗಿ ಅಂಟುವುದಿಲ್ಲ. ನಮ್ಮ ದಾವಣಗೆರೆ, ಚಿತ್ರದುರ್ಗದ ಕಡೆ ಕೈಗೆ ಸುಲಭವಾಗಿ ಸಿಗುವ ಇನ್ನೊಂದು ರಕ್ಷಣೆ ಕುರಿ ಉಣ್ಣೆಯ ಕಂಬಳಿ. ಉಣ್ಣೆ ಬೇಗ ಹೊತ್ತುವುದಿಲ್ಲ, ಹೊತ್ತಿದರೂ ಕರಕಲಾಗಿ ತಾನೇ ಆರುತ್ತದೆ. ಪ್ರತಿ ಭಟ್ಟಿಯ ಬಾಗಿಲ ಬಳಿ ಮೊಳೆಗೆ ಒಂದು ಕಂಬಳಿ ತೂಗುಹಾಕಿರಬೇಕು. ಬಟ್ಟೆಗೆ ಬೆಂಕಿ ಹತ್ತಿದವರನ್ನು ಓಡಲು ಬಿಡದೆ ಮಲಗಿಸಿ, ಕುತ್ತಿಗೆಯಿಂದ ಕೆಳಗೆ ಸುತ್ತಿ ಉರುಳಿಸಬೇಕು. ಕೊಳ್ಳುವಾಗ ನಿಜವಾದ ಉಣ್ಣೆಯೇ ಎಂದು ನೋಡಬೇಕು: ಒಂದು ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಅಂಟಾದ ಗಟ್ಟಿ ಉಂಡೆಯಾದರೆ ಅದು ಪ್ಲಾಸ್ಟಿಕ್ ನೂಲು.

ಕಾದ ಮರಳು ಚಿಮ್ಮಿ ಸುಟ್ಟರೆ ಹರಿಯುವ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಬೇಕು. ಮರಳೂ ತೊಳೆದು ಹೋಗುತ್ತದೆ, ಕಾವೂ ಒಳಗಿಳಿಯುವುದು ನಿಲ್ಲುತ್ತದೆ. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ತೆಗೆಯುವುದೇ ಎಲ್ಲರೂ ಮಾಡುವ ತಪ್ಪು. ಊತ ಬರುವ ಮೊದಲೇ ಬಳೆ, ಉಂಗುರ ಬಿಚ್ಚಿ. ಟೂತ್‌ಪೇಸ್ಟ್, ಇಂಕು, ತುಪ್ಪ, ಐಸು ಯಾವುದೂ ಬೇಡ, ಗುಳ್ಳೆ ಒಡೆಯಬಾರದು, ತೊಳೆದ ಬಟ್ಟೆಯಲ್ಲಿ ಸಡಿಲವಾಗಿ ಮುಚ್ಚಿ. ಮುಖ, ಕೈ, ಕೀಲು ಸುಟ್ಟಿದ್ದರೆ, ಗಾಯ ಅಂಗೈಗಿಂತ ದೊಡ್ಡದಿದ್ದರೆ ನೇರ ಚಿಗಟೇರಿ ಜಿಲ್ಲಾ ಆಸ್ಪತ್ರೆಗೆ.

ಒಲೆಗೆ ಉರುವಲಾಗಿ ಹಳೆಯ ಟೈರು ಸುಡುವ ಮಾತು ಬಂದಾಗ ದನಿ ಏರಿದ್ದು ಸಹಜ. ಟೈರು ಕಾವು ಕೊಡುತ್ತದೆ, ಅಗ್ಗಕ್ಕೆ ಸಿಗುತ್ತದೆ. ಆದರೆ ರಬ್ಬರನ್ನು ಗಟ್ಟಿ ಮಾಡಲು ಸೇರಿಸಿದ ಗಂಧಕ ಒಲೆಯಲ್ಲಿ ಸಲ್ಫರ್ ಡೈಆಕ್ಸೈಡ್ ಆಗಿ ಗಂಟಲು, ಶ್ವಾಸಕೋಶ ಸುಡುತ್ತದೆ. ಮಸಿಯ ಜೊತೆ ಕ್ಯಾನ್ಸರ್ ತರುವ ಬೆಂಜೀನ್‌ನಂಥ ವಸ್ತುಗಳು ಬರುತ್ತವೆ. ಬೂದಿಯಲ್ಲಿ ಉಳಿದ ಉಕ್ಕಿನ ತಂತಿ ಬರಿಗಾಲಿಗೆ ಚುಚ್ಚುತ್ತದೆ. ಮುಖಕ್ಕೆ ಸುತ್ತಿದ ಟವೆಲ್ ಸಣ್ಣ ಮಸಿಯನ್ನು ತಡೆಯುವುದಿಲ್ಲ, ಎನ್95 ಮಾಸ್ಕ್ ಮಸಿ ತಡೆದರೂ ಅನಿಲ ತಡೆಯುವುದಿಲ್ಲ. ಮಾಸ್ಕ್ ಹಂಚಿ ಟೈರು ಸುಡಲು ಬಿಡುವುದು ಸುರಕ್ಷತೆ ಆಗಲಾರದು. ಟೈರಿನ ಬದಲು ಉರಿಸಲು ಭತ್ತದ ಹೊಟ್ಟು ಊರಲ್ಲೇ ಸಿಗುತ್ತದೆ. ಬ್ಲೋವರ್‌ನಿಂದ ಸರಿಯಾಗಿ ಗಾಳಿ ಕೊಟ್ಟರೆ ಹೊಗೆ ಕಡಿಮೆ. ಅದರ ಬೂದಿ ಬಹುಪಾಲು ಸಿಲಿಕ, ಹಾಗಾಗಿ ಪೂರ್ತಿ ಆರಿದ ಮೇಲೆ ನೀರು ಚಿಮುಕಿಸಿ ಗುಡಿಸಬೇಕು. ಬಿಸಿ ಬೂದಿಗೆ ನೀರು ಬಿದ್ದರೆ ಹಬೆ ಮುಖಕ್ಕೆ ಹಾರುತ್ತದೆ.

ಯಾವುದೇ ಉರುವಲು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಂತಿ ಬಂದಾಗ ಪಿತ್ತ ಎನ್ನುತ್ತಾರೆ. ಒಂದೇ ಶೆಡ್ಡಿನ ಇಬ್ಬರಿಗೆ ಒಟ್ಟಿಗೆ ಹಾಗಾದರೆ, ಹೊರಗೆ ಬಂದ ಮೇಲೆ ಅದು ಇಳಿದರೆ, ಅನಿಲವೆಂದೇ ತಿಳಿದು ಒಲೆ ಆರಿಸಿ ಚಿಮಣಿ ನೋಡಿಸಬೇಕು. ಕಟ್ಟಿಕೊಂಡ ಮಸಿಯೇ ಹೆಚ್ಚಾಗಿ ಕಾರಣ. ಸುಸ್ತಾದವರನ್ನು ಶೆಡ್ಡಿನ ಮೂಲೆಯಲ್ಲಿ ಮಲಗಿಸುವುದಂತೂ ಬೇಡವೇ ಬೇಡ.

ಬ್ಲೋವರ್ ಬೆಲ್ಟಿಗೆ ಜಾಲರಿ, ಮೋಟಾರಿಗೆ ಅರ್ಥಿಂಗ್, ಬೋರ್ಡಿಗೆ ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚು, ತಿಂಗಳಿಗೊಮ್ಮೆ ಅದರ ಟೆಸ್ಟ್ ಗುಂಡಿ ಒತ್ತಿ ನೋಡುವುದು, ಇದನ್ನು ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮುಗಿಸಬಲ್ಲರು. ಹತ್ತು ಮಂದಿ ಅಥವಾ ಹೆಚ್ಚು ದುಡಿಯುವಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳದವರಿಗೆ ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ ಇದೆ. ಸಣ್ಣ ಭಟ್ಟಿಯವರು ಕನಿಷ್ಠ ಅಸಂಘಟಿತ ಕಾರ್ಮಿಕರಿಗಾಗಿ ಇರುವ ಇ-ಶ್ರಮ್ ನೋಂದಣಿಯನ್ನಾದರೂ ಮಾಡಿಸಿಕೊಳ್ಳಬೇಕು, ಆಧಾರ್, ಅದಕ್ಕೆ ಜೋಡಿಸಿದ ಮೊಬೈಲ್ ನಂಬರು, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡಿರಬೇಕು.

ಹೊರಡುವ ಮುನ್ನ ಗೋಡೆಗೆ ಅಂಟಿಸಿದ್ದು ಕನ್ನಡ, ಉರ್ದು ಎರಡರಲ್ಲೂ ದೊಡ್ಡ ಚಿತ್ರಗಳ ಒಂದೇ ಹಾಳೆ: ನಲ್ಲಿಯ ಕೆಳಗೆ ಸುಟ್ಟ ಕೈ, ಕಂಬಳಿ, 108. ಮುಂದಿನ ಭೇಟಿಗೆ ಭಾಷಣವಿಲ್ಲ. ಬಾಗಿಲ ಮೊಳೆಗೆ ಕಂಬಳಿ ಬಂದಿದೆಯೇ, ಮೂಲೆಯ ಟೈರಿನ ರಾಶಿ ಕರಗಿದೆಯೇ, ಶೌಚಾಲಯಕ್ಕೆ ಜಾಗ ಗುರುತಾಗಿದೆಯೇ ಎಂದು ನೋಡಬೇಕು, ಮತ್ತು ಆ ಹಿರಿಯ ಹೆಂಗಸಿನ ಪ್ರಶ್ನೆಯನ್ನು ಮಾಲೀಕರ ಮುಂದೆ ಮತ್ತೆ ಇಡಬೇಕು.