ಸೀಟ್ ಬೆಲ್ಟಿನ ಗೆರೆ

16 ನವೆಂಬರ್ 2025, ರವಿವಾರ ರಾತ್ರಿ
ನವನಗರ, ಬಾಗಲಕೋಟೆ

ಎಲ್ಲರೂ ಮಲಗಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ಎರಡು ಸಲ ಸೋಪು ಹಚ್ಚಿ ಕೈ ತೊಳೆದೆ, ಆದರೂ ಬೆರಳಿಗೆ ಆ ಮಣ್ಣಿನ ವಾಸನೆ ಹಾಗೇ ಇದೆ ಅನಿಸುತ್ತಿದೆ.

ಗಾಡಿ ಹುಡುಕಲು ಶುರು ಮಾಡಿ ಎರಡು ತಿಂಗಳಾಯಿತು. ಹೋದ ವರ್ಷ ಬನಶಂಕರಿ ಜಾತ್ರೆಗೆ ನಾವೆಲ್ಲ ಹೊರಟಾಗ ಅವ್ವ ಬರಲಿಲ್ಲ. ಬಸ್ಸಿನ ಮೆಟ್ಟಿಲು ಹತ್ತಲು ಮೊಣಕಾಲು ಬಿಡುವುದಿಲ್ಲ. "ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತ ಕೈ ಮುಗೀತೀನಿ" ಅಂದಳು. ಬಾದಾಮಿ ಇಲ್ಲೇ ಇದೆ, ಆದರೂ ಅವ್ವನಿಗೆ ಬನಶಂಕರಿ ದೂರವಾದಳು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಈ ಸಲ ಬನದ ಹುಣ್ಣಿಮೆ ಜನವರಿ ಮೊದಲ ವಾರದಲ್ಲೇ ಬರುತ್ತದೆ. ಅಷ್ಟರೊಳಗೆ ಏಳು ಮಂದಿ ಕೂರುವ ಒಂದು ಗಾಡಿ ಮನೆ ಮುಂದೆ ನಿಲ್ಲಬೇಕು. ಅಪ್ಪ, ಅವ್ವ, ಸೋದರತ್ತಿ, ನಾವಿಬ್ಬರು, ಮಕ್ಕಳಿಬ್ಬರು.

ಹೊಸದು ನಮ್ಮ ಕೈಗೆ ಎಟುಕುವುದಿಲ್ಲ. ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಇಳಿದ ಮೇಲೂ ಅಷ್ಟೇ. ಐದು ಲಕ್ಷದೊಳಗೆ ಸೆಕೆಂಡ್ ಹ್ಯಾಂಡ್ ಅಂತ ನಾನೂ ಇವಳೂ ಕೂತು ಲೆಕ್ಕ ಹಾಕಿದ್ದೆವು.

ಹೋದ ವಾರ ವಿಜಯಪುರದಲ್ಲಿ ಒಂದು ಇನ್ನೋವಾ ನೋಡಿ ಬಂದೆ. ಎಂಜಿನ್ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲು ಹಳದಿ ಬೋರ್ಡ್ ಇದ್ದ ಗಾಡಿ, ಎಷ್ಟು ಓಡಿದೆ ಅಂತ ಮೀಟರ್ ನಂಬುವ ಹಾಗಿಲ್ಲ. ಬ್ರೇಕ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿತ್ತು, ಮೀಟರ್ ಮಾತ್ರ 90,000 ಅನ್ನುತ್ತಿತ್ತು. ಅದಕ್ಕಿಂತ ದೊಡ್ಡ ತೊಂದರೆ ಅದರ ಎತ್ತರ. ಅವ್ವ ಹತ್ತಬೇಕಾದರೆ ಮಣೆ ಇಡಬೇಕು. ಸೊಲ್ಲಾಪುರದ ಗಾಡಿಗಳು ಅಗ್ಗ ಅಂತ ಗೆಳೆಯರು ಹೇಳಿದರು. ಆದರೆ ಮಹಾರಾಷ್ಟ್ರದ ಗಾಡಿ ತಂದರೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಆಕ್ಷೇಪ ಇಲ್ಲ ಅನ್ನುವ ಪತ್ರ ತರಬೇಕು, ಇಲ್ಲಿ ಮತ್ತೆ ಲೈಫ್ ಟ್ಯಾಕ್ಸ್ ಕಟ್ಟಬೇಕು. ಉಳಿಸಿದ ದುಡ್ಡು ಅಲ್ಲಿಗೇ ಹೋಗುತ್ತದೆ.

ಹಾಗಾಗಿ ಮಾರುತಿಯ ಎರ್ಟಿಗಾ. ನೆಲಕ್ಕೆ ಹತ್ತಿರ ಇರುತ್ತದೆ, ಕಾಲು ಒಳಗಿಟ್ಟು ಹಾಗೇ ಕೂತುಬಿಡಬಹುದು. ಹಳೆ ಡೀಸೆಲ್ ಎಂಜಿನ್ 1248 ಸಿಸಿ, ಅದೇ ಎಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಡಿಸೈರ್‌ನಲ್ಲೂ ಇತ್ತು. 2020ಕ್ಕೆ ಮಾರುತಿಯವರು ಡೀಸೆಲ್ ನಿಲ್ಲಿಸಿದರೂ ಸಾಮಾನು ಇಳಕಲ್ಲಿನಲ್ಲೂ ಸಿಗುತ್ತದೆ, ಜಮಖಂಡಿಯಲ್ಲೂ ಸಿಗುತ್ತದೆ. ಎಂಜಿನ್ ಒಳಗೆ ಟೈಮಿಂಗ್ ಬೆಲ್ಟ್ ಅಲ್ಲ, ಚೈನ್, ಬೆಲ್ಟಿನ ಹಾಗೆ ಆಗಾಗ ಬದಲಿಸುವ ಗೋಜಿಲ್ಲ. ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಬಂದ್ ಅನ್ನುವುದು ದಿಲ್ಲಿ ಕಡೆಯ ಮಾತು. ನಮ್ಮಲ್ಲಿ ಹದಿನೈದು ವರ್ಷ ಓಡುತ್ತದೆ, ಆಮೇಲೆ ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಮಾಡಿಸಿ ರಿನ್ಯೂ ಮಾಡಿಸಬಹುದು.

ಇವತ್ತು ಹನ್ನೊಂದು ಗಂಟೆಗೆ ಆ ಹುಡುಗ ಗಾಡಿ ತಂದ. ಮುಧೋಳ ಕಡೆಯವನು, ಘಟಪ್ರಭೆ ದಂಡೆಯ ಊರು. 2014ರ ಮಾಡೆಲ್, ಝಡ್‌ಡಿಐ ಅಂದರೆ ಡೀಸೆಲ್ಲಿನಲ್ಲಿ ಮೇಲಿನ ದರ್ಜೆಯದು, ಇವನು ಎರಡನೇ ಓನರ್. 1,38,000 ಕಿಲೋಮೀಟರ್ ಓಡಿದೆ. ನಾಲ್ಕು ಲಕ್ಷ ನಲವತ್ತು ಸಾವಿರ ಹೇಳಿದ್ದ. ಇಂಥದೇ ಗಾಡಿಗೆ ಬೇರೆಯವರು ಐದೂಕಾಲು ಕೇಳಿದ್ದರು. ಇಷ್ಟು ಕಡಿಮೆ ಯಾಕೆ ಅಂತ ನನಗೆ ಅವತ್ತೇ ಹೊಳೆಯಬೇಕಿತ್ತು, ಅಲ್ವಾ?

ಗ್ಯಾರೇಜಿನ ಕಾಕಾ ಹೇಳಿಕೊಟ್ಟದ್ದನ್ನೆಲ್ಲ ಒಂದೊಂದಾಗಿ ನೋಡಿದೆ. ಬಾನೆಟ್ಟಿನ ಬೋಲ್ಟುಗಳ ಬಣ್ಣ ಕಿತ್ತಿಲ್ಲ. ಗ್ಲಾಸುಗಳೆಲ್ಲ ಒಂದೇ ವರ್ಷದವು. ಆಯಿಲ್ ಮುಚ್ಚಳದ ಒಳಗೆ ಬಿಳಿ ನೊರೆ ಇಲ್ಲ. ಟೈರಿನ ಮೇಲೆ 2321 ಅಂತಿತ್ತು, ಅಂದರೆ 2021ರ 23ನೇ ವಾರದ್ದು, ಇನ್ನೊಂದು ವರ್ಷ ತಳ್ಳಬಹುದು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಓಡಿಸಿದೆ, ಕಟಕಟ ಸದ್ದು ಬರಲಿಲ್ಲ. ಕೋಲ್ಡ್ ಸ್ಟಾರ್ಟ್, ಅಂದರೆ ಎಂಜಿನ್ ತಣ್ಣಗಿದ್ದಾಗ ಹೇಗೆ ಚಾಲೂ ಆಗುತ್ತದೆ ಅಂತ ನೋಡಲೇಬೇಕು ಅಂದಿದ್ದರು ಕಾಕಾ. ಆದರೆ ಗಾಡಿ ಐವತ್ತು ಕಿಲೋಮೀಟರ್ ಓಡಿ ಬಂದಿತ್ತು. ಆರುವ ತನಕ ಕೂರಲು ಹೇಳಿದೆ, ಅವನು ಹೂಂ ಅಂದ.

ಅಷ್ಟರಲ್ಲಿ ಅವ್ವ ಹೊರಗೆ ಬಂದಳು. ಯಾರೂ ಕರೆದಿರಲಿಲ್ಲ. ನಡುವಿನ ಸೀಟಿನ ಬಾಗಿಲು ತೆರೆದಿತ್ತು. ಕೈಯಲ್ಲಿ ಮೇಲಿನ ಹಿಡಿ ಹಿಡಿದು, ಮೊದಲು ಕೂತು, ಆಮೇಲೆ ಎರಡೂ ಕಾಲು ಒಳಗೆ ಎಳೆದುಕೊಂಡಳು. ಒಂದು ಸಲವೂ "ಯವ್ವಾ" ಅನ್ನಲಿಲ್ಲ. ಸೀಟಿನ ಮೇಲೆ ಅಂಗೈ ಆಡಿಸಿ "ಛಲೋ ಐತಿ" ಅಂದಳು. ಸಣ್ಣಾಕಿ ಆಗಲೇ ಹಿಂದಿನ ಸೀಟಿಗೆ ಹಾರಿ, "ಇದು ನನ್ನ ಮನಿ" ಅಂತ ಹೇಳಿ ಆಗಿತ್ತು. ನನ್ನ ಎದೆ ತುಂಬಿ ಬಂತು. ಆ ಕ್ಷಣದಲ್ಲಿ ಅವನು ಐದು ಲಕ್ಷ ಕೇಳಿದ್ದರೂ ಕೊಟ್ಟುಬಿಡುತ್ತಿದ್ದೆ.

ಆಮೇಲೆ ಅಪ್ಪ ಈ ಕಡೆಯಿಂದ ಹತ್ತಿ ಅವ್ವನ ಪಕ್ಕ ಕೂತರು. ಅವರಿಗೆ ಸೀಟ್ ಬೆಲ್ಟ್ ರೂಢಿ ಇಲ್ಲ. ಎಷ್ಟು ಎಳೆಯಬೇಕು ಅಂತ ಗೊತ್ತಿಲ್ಲದೆ ಎಳೆಯುತ್ತಲೇ ಹೋದರು. ಬೆಲ್ಟ್ ಕೊನೆಯ ತನಕ ಬಂತು.

ಕೊನೆಯ ಒಂದು ಮೊಳ ಬೇರೆ ಬಣ್ಣ ಇತ್ತು. ಮೇಲಿನದು ಕಪ್ಪು, ಕೆಳಗಿನದು ಚಹಾ ಚೆಲ್ಲಿದ ಬಟ್ಟೆಯ ಬಣ್ಣ. ನಡುವೆ ಒಂದು ಗೆರೆ, ಅಂಕುಡೊಂಕು, ಉಪ್ಪು ಕಟ್ಟಿದ ಹಾಗೆ. ಗಾಡಿ ತೊಳೆದಿದ್ದರು, ಸೀಟಿಗೆ ಹೊಸ ಕವರ್ ಹಾಕಿಸಿದ್ದರು. ಸುರುಳಿಯ ಒಳಗೆ ಸುತ್ತಿಕೊಂಡಿದ್ದ ಆ ಒಂದು ಮೊಳವನ್ನು ಯಾರೂ ಬಿಚ್ಚಿ ನೋಡಿರಲಿಲ್ಲ. ಅಪ್ಪ ಅದನ್ನು ಹೆಬ್ಬೆರಳಿನಿಂದ ಉಜ್ಜಿದರು. ಸಣ್ಣ ಪುಡಿ ಉದುರಿತು. ಮೂಗಿನ ಹತ್ತಿರ ಹಿಡಿದರು. ನಾನೂ ಮುಟ್ಟಿದೆ.

"ಇದು ಹೊಳಿ ರೇವಿ" ಅಂದರು ಅಪ್ಪ. ರೇವಿ ಅಂದರೆ ಹೊಳೆಯ ಮೆಕ್ಕಲು ಮಣ್ಣು. ನನಗೆ ಹೇಳಿದ್ದಲ್ಲ, ತಮಗೇ ಹೇಳಿಕೊಂಡದ್ದು.

ಆಮೇಲೆ ಅವನ ಕಡೆ ತಿರುಗಿ, "ತಮ್ಮಾ, ಇದು ನೀರಾಗ ನಿಂತಿತ್ತೇನ?"

ಅವನು ಬಾನೆಟ್ಟಿನ ಮೇಲೆ ಕೈ ಇಟ್ಟು ನಿಂತಿದ್ದ. ಒಂದು ನಿಮಿಷ ಏನೂ ಹೇಳಲಿಲ್ಲ.

"ಹೌದ್ರಿ ಕಾಕಾರ. ಹತ್ತೊಂಬತ್ತರಾಗ ಹೊಳಿ ಬಂತಲ್ರಿ, ಆವಾಗ."

"ಎಷ್ಟ ದಿನ?"

"ಎರಡ ರಾತ್ರಿ, ನಡುವ ಒಂದ ಹಗಲರಿ."

"ಎಲ್ಲಿ ತನಕಾ?"

ಅವನು ಬಾಗಿ, ಕಿಟಕಿಯ ಕೆಳಗೆ ಕೈ ಅಡ್ಡ ಹಿಡಿದು ತೋರಿಸಿದ.

ನನಗೆ ಸಿಟ್ಟು ಬಂತು. ಫೋನಿನಲ್ಲಿ ಮೂರು ಸಲ ಕೇಳಿದ್ದೆ, ಆಕ್ಸಿಡೆಂಟ್ ಆಗಿದೆಯಾ ಅಂತ. ಪರಿವಾಹನ್ ಆ್ಯಪಿನಲ್ಲಿ ನೋಡಿದ್ದೆ. ಇನ್ಶೂರೆನ್ಸ್ ಕ್ಲೇಮ್ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡಿದ್ದೆ. ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ.

"ನಾ ಸುಳ್ಳ ಹೇಳಿಲ್ರಿ ಅಣ್ಣಾರ. ಆಕ್ಸಿಡೆಂಟ್ ಆಗಿಲ್ಲ. ಕ್ಲೇಮ್ ಎಲ್ಲಿಂದ ಮಾಡ್ಲಿ, ಇದ್ದದ್ದು ಬರೇ ಥರ್ಡ್ ಪಾರ್ಟಿ, ಹೊಳಿ ಬಂದ್ರ ಅದರಾಗ ಒಂದ ರೂಪಾಯಿ ಬರೂದಿಲ್ರಿ. ಮೊದಲ ಇಬ್ಬರಿಗೆ ಫೋನ್‌ನಾಗ ನಾನಾಗೇ ಹೇಳಿದ್ದೆ. ಹೇಳೂದ ತಡ, ಫೋನ್ ಇಟ್ಟಬಿಟ್ರು. ಮೂರನೇದವರು ನೀವು. ನಿಮಗ ಹೇಳ್ಲಿಲ್ಲ. ಅದು ತಪ್ಪರಿ ನಂದು."

ಅಷ್ಟು ಹೇಳಿ ಸುಮ್ಮನಾದ. ನನ್ನ ಬಾಯಿಯೂ ಕಟ್ಟಿತು. 2019ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯಲ್ಲಿ ಮೂರು ಹೊಳೆಗಳೂ ಒಟ್ಟಿಗೆ ಬಂದಿದ್ದನ್ನು ಕಣ್ಣಾರೆ ಕಂಡವನು ನಾನು. ಕೃಷ್ಣೆ, ಘಟಪ್ರಭೆ, ಮಲಪ್ರಭೆ. ಘಟಪ್ರಭೆ ದಂಡೆಯ ಊರಿನ ಗಾಡಿ ಅಂತ ಗೊತ್ತಿದ್ದೂ ನೀರಿನ ಮಾತೇ ಕೇಳಲಿಲ್ಲ.

ಅಪ್ಪನಿಗೆ ಸಿಟ್ಟು ಬರಲಿಲ್ಲ. ಗಾಡಿಯಿಂದ ಇಳಿದು ಕಟ್ಟೆಯ ಮೇಲೆ ಕೂತು, ಅವನನ್ನೂ ಕೂರಿಸಿಕೊಂಡರು. ಗಾಡಿಯ ಮಾತು ಅಲ್ಲಿಗೆ ನಿಂತಿತು. ಘಟಪ್ರಭೆಯ ಹಿಡಕಲ್ ಡ್ಯಾಮಿನಿಂದ ನೀರು ಬಿಟ್ಟಾರ ಅಂತ ಸುದ್ದಿ ಬಂದಾಗ ಎಷ್ಟು ಹೊತ್ತಾಗಿತ್ತು, ದನ ಹೇಗೆ ಬಿಡಿಸಿದ, ಅವರವ್ವ ಎಲ್ಲಿದ್ದಳು, ಎಲ್ಲ ಕೇಳಿದರು. ಅವನು ಹೇಳಿದ. ಟ್ರ್ಯಾಕ್ಟರಿನಲ್ಲಿ ಮೊದಲು ಅವ್ವ ಮತ್ತು ಮಕ್ಕಳು, ಎರಡನೇ ಸಲ ದನ. ಗಾಡಿಯನ್ನು ಹನುಮಪ್ಪನ ಗುಡಿ ಹತ್ತಿರ ಎತ್ತರದಲ್ಲಿ ನಿಲ್ಲಿಸಿದ್ದನಂತೆ, ಅಲ್ಲಿಗೆ ಯಾವತ್ತೂ ನೀರು ಬಂದಿರಲಿಲ್ಲವಂತೆ. ಮೂರನೇ ಸಲ ಗಾಡಿ ತರೋಣ ಅಂದುಕೊಂಡರೆ ದಾರಿಯೇ ಇಲ್ಲ.

"ನೀರ ಇಳದ ಮ್ಯಾಲೆ ಚಾಲೂ ಮಾಡಿದ್ಯಾ?" ಅಂತ ನಾನು ಕೇಳಿದೆ. ಅದೊಂದು ಮಾತ್ರ ನನಗೆ ಹೊಳೆದದ್ದು.

"ಇಲ್ರಿ. ಚಾವಿನೇ ಹಚ್ಚಲಿಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ಎಳಕೊಂಡ ಹೋಗಿ ಮುಧೋಳದಾಗ ಬಿಚ್ಚಿಸಿದೆ."

ಅಪ್ಪ ತಮ್ಮ ಕತೆಯನ್ನೂ ಹೇಳಿದರು. ನನಗೆ ಆಶ್ಚರ್ಯ ಆದದ್ದು ಅದಕ್ಕೆ. ಹಳೇ ಊರಿನ ಮನೆ ಆಲಮಟ್ಟಿ ಡ್ಯಾಮಿನ ಹಿನ್ನೀರಿನಲ್ಲಿ ಹೋದ ಮಾತನ್ನು ಅಪ್ಪ ನಮ್ಮ ಮುಂದೆ ಎತ್ತುವುದೇ ಇಲ್ಲ. ಪರಿಹಾರ ಬಂತು, ಇಲ್ಲಿ ಸೆಕ್ಟರಿನಲ್ಲಿ ಪ್ಲಾಟು ಬಂತು, ಮುಗಿಯಿತು ಅನ್ನುವ ಹಾಗೆ ಇರುತ್ತಾರೆ. ಇವತ್ತು ಗುರುತಿಲ್ಲದ ಹುಡುಗನಿಗೆ ಹೇಳಿದರು, ನೀರು ಹೊಸ್ತಿಲಿಗೆ ಬಂದ ಮೇಲೂ ಎರಡು ದಿನ ಅಜ್ಜ ಮನೆ ಬಿಡಲಿಲ್ಲ ಅಂತ. ನಮ್ಮ ನಡುಮನೆಯಲ್ಲಿ ಅಜ್ಜನ ಕಟ್ಟಿಗೆಯ ಸಂದೂಕ ಇದೆಯಲ್ಲ, ಅದರ ಕೆಳಗೆ ಒಂದು ಗೇಣು ಎತ್ತರಕ್ಕೆ ಒಂದು ಗೆರೆ ಇದೆ. ಚಿಕ್ಕಂದಿನಿಂದ ನೋಡಿದ್ದೇನೆ. ಪಾಲಿಶ್ ಹಳೆಯದಾಗಿ ಹಾಗಾಗಿದೆ ಅಂದುಕೊಂಡಿದ್ದೆ. ಅಪ್ಪ ಅವನನ್ನು ಒಳಗೆ ಕರೆದುಕೊಂಡು ಹೋಗಿ ಅದನ್ನು ತೋರಿಸಿದರು. ಅವನು ಕುಕ್ಕರುಗಾಲಲ್ಲಿ ಕೂತು ಬೆರಳಿನಿಂದ ಆ ಗೆರೆ ಮುಟ್ಟಿ ನೋಡಿದ.

ಅವ್ವ ಊಟಕ್ಕೆ ಎಬ್ಬಿಸಿದಳು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಅವನು ಬೇಡ ಬೇಡ ಅಂದು ಕೂತು ಮೂರು ರೊಟ್ಟಿ ಉಂಡ. ಹೀಗೆ ಮನೆಯಲ್ಲಿ ಕೂತು ಉಂಡವನ ಹತ್ತಿರ ಗಾಡಿಯ ರೇಟು ಹೇಗೆ ಮುರಿಯುವುದು ಹೇಳಿ. ಮಗಳ ಕಾಲೇಜಿನ ಫೀ ಕಟ್ಟಬೇಕು, ಅದಕ್ಕೇ ಮಾರುತ್ತಿದ್ದೇನೆ ಅಂತಲೂ ಊಟದಲ್ಲಿ ಹೇಳಿದ.

ಊಟ ಆಗುವಷ್ಟರಲ್ಲಿ ಎಂಜಿನ್ ಆರಿತ್ತು. ಒಂದೇ ಸಲಕ್ಕೆ ಚಾಲೂ ಆಯಿತು. ಹೊಗೆ ಇಲ್ಲ, ಚೈನಿನ ಸದ್ದೂ ಇಲ್ಲ.

ಅವನು ಹೋದ ಮೇಲೆ ಕಾಕಾನಿಗೆ ಫೋನ್ ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಚಾವಿ ಹಚ್ಚಿಲ್ಲ ಅಂದ್ರ ಶಾಣ್ಯಾ ಅದಾನ. ನೀರ ಕುಡದ ಎಂಜಿನ್ ಚಾಲೂ ಮಾಡಿದ್ರ ರಾಡ್ ಬಾಗಿ ಅಲ್ಲೇ ಖಲಾಸ್. ಆರ ವರ್ಷ ಓಡೇತಿ ಅಂದ ಮ್ಯಾಲೆ ಎಂಜಿನ್ನಿಗೆ ಹೆದರಬ್ಯಾಡ. ಹೆದರೂದು ವೈರಿಂಗಿಗೆ. ಜಾಯಿಂಟ್‌ನಾಗ ಹಸಿರ ಹಿಡದಿರತೈತಿ, ಇವತ್ತ ಛಲೋ ಇರತೈತಿ, ನಾಳೆ ಕೈ ಕೊಡತೈತಿ. ಕಿಟಕಿ ಮ್ಯಾಲೆ ಏರಲಿಲ್ಲ ಅಂದ್ರ ನಡೀತೈತಿ. ಏರ್‌ಬ್ಯಾಗ್ ತೆರೀಲಿಲ್ಲ ಅಂದ್ರ?"

ಆಮೇಲೆ ಕೇಳಿದರು, "ಚಾವಿ ತಿರುವಿದಾಗ ಏರ್‌ಬ್ಯಾಗಿನ ಕೆಂಪ ದೀಪ ಹತ್ತಿತ್ತೇನ? ಹತ್ತಿ, ಆಮ್ಯಾಲೆ ಆರಬೇಕು. ಹತ್ತಲೇ ಇಲ್ಲ ಅಂದ್ರ ಯಾರೋ ಬಲ್ಬ್ ಕಿತ್ತಾರ ಅಂತ ತಿಳಕೋ."

ನನಗೆ ನೆನಪಾಗಲಿಲ್ಲ. ಎಷ್ಟು ತಿಣುಕಿದರೂ ನೆನಪಾಗಲಿಲ್ಲ.

ಬುಧವಾರದ ತನಕ ಬೇರೆಯವರಿಗೆ ತೋರಿಸುವುದಿಲ್ಲ ಅಂದಿದ್ದಾನೆ. ಬೇಕಾದರೆ ಒಂದು ದಿನ ಕಾಕಾನ ಗ್ಯಾರೇಜಿನಲ್ಲಿ ಬಿಟ್ಟು ಹೋಗುತ್ತೇನೆ, ಕಾರ್ಪೆಟ್ ಎತ್ತಿ ನೋಡಿರಿ, ಸ್ಕ್ಯಾನರ್ ಹಚ್ಚಿರಿ ಅಂದಿದ್ದಾನೆ. ಇವಳು ಬೇಡ ಅನ್ನುತ್ತಾಳೆ. "ಮಕ್ಕಳು ಕೂಡೂ ಗಾಡಿರೀ" ಅಂತ ಒಂದೇ ಮಾತು. ಅದಕ್ಕೆ ನನ್ನಲ್ಲಿ ಉತ್ತರ ಇಲ್ಲ. ಅವ್ವ ಏನೂ ಕೇಳಿಲ್ಲ. ಅಪ್ಪ ಮಲಗುವ ಮುಂಚೆ ಬಂದು, "ಆ ಹುಡುಗ ಮನಿ ಮುಟ್ಟಿದ್ನಂತೇನ?" ಅಂದರು, ಅಷ್ಟೇ. ಗಾಡಿ ತಗೋ ಅಂತಲೂ ಅಲ್ಲ, ಬೇಡ ಅಂತಲೂ ಅಲ್ಲ.

ಸಣ್ಣಾಕಿ ನನ್ನ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದಳು ಅಂತ ಈಗ ನೆನಪಾಯಿತು. ಹಾಕಿ ನೋಡಿದೆ. ಅವಳು ಹಿಂದಿನಿಂದ ಮುಂದಕ್ಕೆ ಬಾಗಿ ಡ್ಯಾಶ್‌ಬೋರ್ಡ್ ಹಿಡಿದಿದ್ದಾಳೆ. ನನ್ನ ಕೈ ಕಾಣುತ್ತದೆ. ಚಾವಿ ತಿರುಗುತ್ತದೆ. ಬ್ಯಾಟರಿಯ ದೀಪ, ಆಯಿಲಿನ ದೀಪ, ಅದರ ಪಕ್ಕ ಇನ್ನೇನೋ ಕೆಂಪಗೆ. ಅಷ್ಟರಲ್ಲಿ ಮೊಬೈಲ್ ತಿರುಗಿ ಅಪ್ಪನ ಮೇಲೆ ಬರುತ್ತದೆ. ಅವರು ಆ ಬೆಲ್ಟನ್ನು ಮತ್ತೆ ಪೂರ್ತಿ ಹೊರಗೆ ಎಳೆದು ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ಒದ್ದೆ ಬಟ್ಟೆಯ ತುಂಡಿನಿಂದ ಆ ಗೆರೆಯನ್ನು ಒರೆಸುತ್ತಿದ್ದಾರೆ.

ನಾಲ್ಕು ಸಲ ನೋಡಿದೆ. ಆ ಕೆಂಪು ದೀಪ ಯಾವುದು ಅಂತ ತಿಳಿಯಲಿಲ್ಲ.