ಪಕ್ಕದ ಅಂಗಡಿಯ ಕೋ

ಜಕಾರ್ತಾಕ್ಕೆ ಬಂದ ಹೊಸತರಲ್ಲಿ ನಮ್ಮ ಬೀದಿಯ ದಿನಸಿ ಅಂಗಡಿಗೆ ಹೋಗಿದ್ದೆ. ಗಲ್ಲಾದಲ್ಲಿ ಕೂತಿದ್ದ ಹಿರಿಯರು ಯಾವೂರು ಅಂತ ಕೇಳಿದರು. ಬೆಂಗಳೂರು ಅಂದೆ. ‘ಪ್ರಕಾಶ್ ಪಡುಕೋಣೆ!’ ಅಂದರು. 1980ರ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಫೈನಲ್‌ನಲ್ಲಿ ನಮ್ಮ ಪ್ರಕಾಶ್ ಸೋಲಿಸಿದ್ದು ಇಂಡೊನೇಷ್ಯಾದ ಲಿಮ್ ಸ್ವೀ ಕಿಂಗ್ ಅವರನ್ನು. ‘ಕಿಂಗ್ ನಮ್ಮವನು’ ಅಂತ ಎದೆ ಮುಟ್ಟಿಕೊಂಡು ಹೇಳಿದರು. ಆ ‘ನಮ್ಮವನು’ ಅನ್ನೋ ಮಾತಿನ ಪೂರ್ತಿ ಅರ್ಥ ತಿಳಿಯಲು ನನಗೆ ಬಹಳ ದಿನ ಬೇಕಾಯಿತು. ಕಿಂಗ್ ಕೂಡ ಇವರ ಹಾಗೇ ತಿಯೊಂಗ್‌ಹ್ವಾ, ಅಂದರೆ ಚೀನೀ ಮೂಲದ ಇಂಡೊನೇಷ್ಯಾದವರು.

ಈಗ ನಾನು ಅವರನ್ನು ‘ಕೋ’ ಅನ್ನುತ್ತೇನೆ. ನಮ್ಮಲ್ಲಿ ಅಣ್ಣ ಅಂದ ಹಾಗೆ. ಅವರ ಹೆಂಡತಿ ‘ಚಿ’, ಅಕ್ಕ. ಅವರ ಮನೆಯ ಟೀವಿ ಮುಂದೆ ಕೂತೇ ನಾನು ಇಲ್ಲಿನ ಭಾಷೆ ಕಲಿತದ್ದು.

ಚಿಗೆ ಹಳೆಯ ಟೀವಿ ಧಾರಾವಾಹಿಗಳ ನೆನಪು ಚೆನ್ನಾಗಿದೆ. ಅವುಗಳಲ್ಲಿ ತಮ್ಮಂಥವರು ಬಂದರೆ ಜಿಪುಣ ಅಂಗಡಿಯವನಾಗಿ ಬರುತ್ತಿದ್ದರಂತೆ. ‘ರ’ ಹೇಳಲು ಬಾರದೆ ‘ಲ’ ಅನ್ನುತ್ತಿದ್ದರಂತೆ. ಚಿ ಹುಟ್ಟಿ ಬೆಳೆದದ್ದು ಇದೇ ನೆಲದಲ್ಲಿ. ಅವರ ‘ರ’ ನನಗಿಂತ ಸ್ಪಷ್ಟ!

ಇಲ್ಲಿನ ಸರ್ವಾಧಿಕಾರಿ ಸುಹಾರ್ತೋ ಕಾಲದಲ್ಲಿ, 1967ರ ಒಂದು ಆದೇಶದಿಂದ, ಚೀನೀ ಹಬ್ಬ ಮತ್ತು ಆಚರಣೆಗಳನ್ನು ಬಹಿರಂಗವಾಗಿ ಮಾಡುವ ಹಾಗಿರಲಿಲ್ಲ. ಚೀನೀ ಶಾಲೆಗಳು ಮುಚ್ಚಿದ್ದವು. ಎಷ್ಟೋ ಜನ ಹೆಸರನ್ನೇ ಬದಲಿಸಿಕೊಂಡರು. ಆ ಆದೇಶ ಹೋದದ್ದು 2000ದಲ್ಲಿ, ಅಧ್ಯಕ್ಷ ಗುಸ್ ದುರ್ ಕಾಲದಲ್ಲಿ. ಬೀದಿಯಲ್ಲೇ ಕಾಣಬಾರದು ಅನ್ನಿಸಿಕೊಂಡವರು ಪರದೆ ಮೇಲೆ ಹೇಗೆ ಕಂಡಾರು?

ನನಗೆ ಜಾಸ್ತಿ ಸಂಕಟ ಆಗುವುದು ಇನ್ನೊಂದು ಕಾರಣಕ್ಕೆ. ಈ ದೇಶದ ಸಿನಿಮಾ ಕಟ್ಟಿದವರಲ್ಲೇ ಇವರ ಪಾಲು ದೊಡ್ಡದು. 1930ರ ದಶಕದಲ್ಲಿ ಕ್ಯಾಮೆರಾ ಹಿಡಿದವರು ಶಾಂಘೈನಿಂದ ಬಂದ ವಾಂಗ್ ಸೋದರರು. ಮುಂದೆ ದೊಡ್ಡ ನಿರ್ದೇಶಕ ಅನಿಸಿಕೊಂಡ ತೆಗುಹ್ ಕರ್ಯ ಅವರ ಹುಟ್ಟುಹೆಸರು ಲಿಮ್ ಚೋಆನ್ ಹೋಕ್. ಪ್ರೇಕ್ಷಕರಿಗೆ ಸಿಕ್ಕಿದ್ದು ಬದಲಾದ ಹೆಸರು ಮಾತ್ರ.

ಸುಹಾರ್ತೋ ಇಳಿದ ಮೇಲೆ ಬಾಗಿಲು ನಿಧಾನ ತೆರೆಯಿತು. 2002ರಲ್ಲಿ ನಿಯಾ ದಿನಾತಾ ಚೀನೀ ಮೂಲದವರ ಕಥೆಯ ‘ಚಾ ಬೌ ಕನ್’ ಚಿತ್ರ ತೆಗೆದರು. 2005ರಲ್ಲಿ ಚೀನೀ ಮೂಲದ ವಿದ್ಯಾರ್ಥಿ ಹೋರಾಟಗಾರ ಸೋ ಹೋಕ್ ಗೀ ಬಗ್ಗೆ ಚಿತ್ರ ಬಂತು. ಆದರೆ ಗೀ ಪಾತ್ರ ಮಾಡಿದ ನಿಕೋಲಸ್ ಸಪುತ್ರ ಚೀನೀ ಮೂಲದವರಲ್ಲ. ನಟನೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ಅಲ್ಲಿ ಒಂದು ಅವಕಾಶ ತಪ್ಪಿತು ಅಂತಲೇ ನನ್ನ ಅನಿಸಿಕೆ.

ಆಮೇಲೆ ಅರ್ನೆಸ್ಟ್ ಪ್ರಕಾಸಾ ಬಂದರು. ಸ್ಟ್ಯಾಂಡಪ್ ಕಲಾವಿದ, ತಿಯೊಂಗ್‌ಹ್ವಾ. 2015ರ ‘ನ್ಗೆನೆಸ್ಟ್’ ಅವರು ನಿರ್ದೇಶಿಸಿದ ಮೊದಲ ಚಿತ್ರ. ಅದರ ನಾಯಕ ಶಾಲೆಯಲ್ಲಿ ಚೀನೀ ಮುಖಕ್ಕಾಗಿ ಕಾಟ ತಿಂದವನು. ತನ್ನ ಮಗುವಿಗೆ ಇದು ಬೇಡ ಅಂತ ಸ್ಥಳೀಯ ಹುಡುಗಿಯನ್ನೇ ಮದುವೆಯಾಗುತ್ತೇನೆ ಅನ್ನುತ್ತಾನೆ. ಹಾಸ್ಯ ಚಿತ್ರವೇ. ಚಿ ನಗಲಿಲ್ಲ. ‘ನಾನೂ ಹಾಗೇ ಯೋಚಿಸಿದ್ದೆ’ ಅಂದರು. ಕೋ ಪಕ್ಕದಲ್ಲೇ ಕೂತಿದ್ದರು. ಅವರು ಸುಮ್ನೆ ಹೆಂಡತಿಯ ಕೈ ತಟ್ಟಿದರು.

ಮರುವರ್ಷ ‘ಚೆಕ್ ಟೋಕೊ ಸೆಬೆಲಾಹ್’. ಅಂದರೆ ‘ಪಕ್ಕದ ಅಂಗಡಿಯಲ್ಲೂ ವಿಚಾರಿಸಿ’. 25 ಲಕ್ಷಕ್ಕೂ ಹೆಚ್ಚು ಜನ ಥಿಯೇಟರಿಗೆ ಹೋಗಿ ನೋಡಿದರು. ಕೋ ಅಫುಕ್ ಅನ್ನೋ ಮುದುಕರ ದಿನಸಿ ಅಂಗಡಿ. ದೊಡ್ಡ ಮಗ ನೋಡಿಕೊಳ್ಳಲು ಸಿದ್ಧ, ಆದರೆ ಅಪ್ಪನಿಗೆ ಅವನ ಮೇಲೆ ನಂಬಿಕೆ ಇಲ್ಲ. ಒಳ್ಳೆ ಕೆಲಸದಲ್ಲಿರುವ ಚಿಕ್ಕ ಮಗನೇ ಬೇಕು. ಇಂಥ ಅಪ್ಪಂದಿರನ್ನು ನಾನು ನಮ್ಮೂರ ಪೇಟೆ ಬೀದಿಯಲ್ಲೂ ನೋಡಿದ್ದೇನೆ, ಅಲ್ವಾ? ಇಲ್ಲೂ ಅಂಗಡಿಯವನೇ, ನಿಜ. ಆದರೆ ಈ ಅಂಗಡಿಯವನು ತೀರಿಹೋದ ಹೆಂಡತಿಯನ್ನು ನೆನೆಯುತ್ತಾನೆ, ಮಕ್ಕಳ ವಿಷಯದಲ್ಲಿ ತಪ್ಪು ಮಾಡುತ್ತಾನೆ. ಕೋ ಇದನ್ನು ಮೂರು ಸಲ ನೋಡಿದರು.

ಇನ್ನೂ ಬರಬೇಕಾದ ಕಥೆಗಳಿವೆ. ಚಿಯ ತವರು ಪಕ್ಕದ ತಂಗೆರಾಂಗ್. ಅಲ್ಲಿನ ಚೀನಾ ಬೆಂತೆಂಗ್ ಜನರಲ್ಲಿ ಬಡವರು ಬಹಳ. ಮೈಬಣ್ಣ ಕಪ್ಪು, ಎಷ್ಟೋ ತಲೆಮಾರು ಹೊಲದಲ್ಲಿ ದುಡಿದವರು. ಚೀನೀಯರೆಂದರೆ ಹಣವಂತರು ಅನ್ನೋ ಮಾತು ಕೇಳಿದಾಗೆಲ್ಲ ಚಿ ತಮ್ಮ ಅಜ್ಜಿಯ ಹೆಸರು ಹೇಳುತ್ತಾರೆ.

2025ರಲ್ಲಿ ಜೋಕೋ ಅನ್ವರ್ ಅವರ ‘ಪೆಂಗೆಪುಂಗನ್ ದಿ ಬುಕಿತ್ ದುರಿ’ ಬಂತು. ಚೀನೀ ಮೂಲದವರ ಮೇಲಿನ ದ್ವೇಷವೇ ಅದರ ವಸ್ತು. ತಿಯೊಂಗ್‌ಹ್ವಾ ಮೇಷ್ಟರ ಪಾತ್ರದಲ್ಲಿ ಮಾರ್ಗನ್ ಓಇ, ಅವರೂ ತಿಯೊಂಗ್‌ಹ್ವಾ. ಕೋ, ಚಿ ಇಬ್ಬರೂ ಬರಲ್ಲ ಅಂದರು. 1998ರ ಮೇ ತಿಂಗಳಲ್ಲಿ ಚೀನೀ ಮೂಲದವರ ಮೇಲೆ ನಡೆದ ಗಲಭೆಯನ್ನು ಕಣ್ಣಾರೆ ಕಂಡವರು ಅವರು. ಆಗ ಜಕಾರ್ತಾದ ಚೀನೀ ಪೇಟೆ ಗ್ಲೊಡೊಕ್ ಹೊತ್ತಿ ಉರಿದಿತ್ತು. ಅಂಗಡಿ ಉಳಿಸಿಕೊಳ್ಳಲು ಜನ ಶಟರ್ ಮೇಲೆ ‘ಮಿಲಿಕ್ ಪ್ರಿಬುಮಿ’, ಇದು ಸ್ಥಳೀಯರದ್ದು, ಅಂತ ಬರೆದುಕೊಂಡಿದ್ದರು. ಕೋ ಕೂಡ ಬರೆದಿದ್ದರು.

ನಾನು ಅವರ ಮಗನ ಜೊತೆ ಹೋದೆ. ಅವನು ಹುಟ್ಟಿದ್ದು ಅದಾದ ಮೇಲೆ. ಬರುವಾಗ ಬೈಕಿನಲ್ಲಿ ಒಂದು ಮಾತೂ ಆಡಲಿಲ್ಲ. ಅಂಗಡಿ ಮುಂದೆ ಇಳಿದು ಶಟರ್ ಮುಟ್ಟಿ ಅಪ್ಪನನ್ನು ಕೇಳಿದ, ‘ಎಲ್ಲಿ ಬರೆದಿದ್ದೆ ಅಪ್ಪಾ?’

ಕೋ ಎದ್ದು ಬಂದು ಬೆರಳಿಟ್ಟು ತೋರಿಸಿದರು. ‘ಹಸಿರು ಪೇಂಟ್’ ಅಂದರು. ‘ಅವತ್ತು ಅಂಗಡಿಯಲ್ಲಿ ಇದ್ದದ್ದು ಅದೊಂದೇ ಬಣ್ಣ.’